ಕಟಿಂಗ್ ಮಾಸ್ತರರ ನಾಲ್ಕು ಯೋಗ ಕ್ಲಾಸು

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಕಟಿಂಗ್ ಮಾಸ್ತರರು ಬೂದು ಬಣ್ಣದ ಪ್ಯಾಂಟ್ ಬಟ್ಟೆಯೊಂದಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಲು ಮೇಜಿನ ಮೇಲೆ ಬಗ್ಗಿದವರು ಮತ್ತೆ ಏಳಲಿಲ್ಲ. ಹೋಗಿಬಿಟ್ಟರು ಎಂದುಕೊಳ್ಳಬೇಡಿ, ಬೆನ್ನು ಹಿಡಿದುಕೊಂಡಿತ್ತು, ಅಷ್ಟೇ. ಎದೆ ಮೇಜಿನ ಮೇಲೆ, ಮೂಗು ಬಟ್ಟೆಯ ಮೇಲೆ, ಕೈಯಲ್ಲಿ ಸುಣ್ಣದ ಚೂರು. ಮೂರಡಿ ದೂರದಲ್ಲಿ ಕೂತಿದ್ದ ಹೆಂಡತಿ ಇನ್ನೂ ಐದು ನಿಮಿಷ ಅಂಗಿಯ ಗುಂಡಿಗೆ ಕಾಜ ಹೊಲಿಯುತ್ತಲೇ ಇದ್ದಳು. ಬಟ್ಟೆಯ ನೇಯ್ಗೆ ನೋಡುತ್ತಿದ್ದಾರೆ ಎಂದುಕೊಂಡಳಂತೆ.

"ಏನ್ರೀ, ಬಟ್ಟೆ ಅಷ್ಟೊಂದು ಕೆಟ್ಟದಾಗಿದ್ಯಾ?"

"ಬಟ್ಟೆ ಚೆನ್ನಾಗೇ ಇದೆ. ನನ್ನನ್ನ ಎತ್ತು."

ಎತ್ತಿದಳು. ಅವಳು ಐದಡಿಯ ಹೆಂಗಸು, ಮಾಸ್ತರರು ಆರಡಿಗೆ ಒಂದಿಂಚು ಕಡಿಮೆ. ಹೇಗೆ ಎತ್ತಿದಳು ಎಂಬುದನ್ನು ಇಬ್ಬರೂ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಡಾಕ್ಟರು ಮಾಸ್ತರರನ್ನು ನಿಲ್ಲಿಸಿ, ಮುಂದಕ್ಕೆ ಬಗ್ಗಿಸಿ, ಬೆರಳ ತುದಿ ಎಲ್ಲಿಗೆ ಬರುತ್ತದೆ ಎಂದು ನೋಡಿದರು. ಅದು ಮೊಣಕಾಲಿಗಿಂತ ಮೇಲೆಯೇ ನಿಂತಿತು. "ಮೂರು ತಿಂಗಳು ಯೋಗ ಮಾಡಿ. ಅಷ್ಟರಲ್ಲಿ ಕೈ ಮೊಣಕಾಲು ದಾಟಿದ್ರೆ ಸರಿ. ಇಲ್ಲಾಂದ್ರೆ ಕತ್ತರಿ ಕೆಳಗಿಡಬೇಕಾಗುತ್ತೆ. ಈ ಬೆನ್ನಲ್ಲಿ ದಿನಾ ಮೇಜಿನ ಮೇಲೆ ಬಗ್ಗಿದ್ರೆ ಮುಂದಿನ ಸಲ ನಿಮ್ಮನ್ನ ಮೇಜಿನ ಸಮೇತ ಇಲ್ಲಿಗೆ ತರಬೇಕಾಗುತ್ತೆ" ಎಂದರು.

ಕತ್ತರಿ ಕೆಳಗಿಡುವುದು ಎಂದರೆ ಏನು ಎಂದು ಡಾಕ್ಟರಿಗೆ ಗೊತ್ತಿರಲಿಲ್ಲ. ಹೊಲಿಗೆ ಅಂಗಡಿಯಲ್ಲಿ ಕತ್ತರಿ ಹಿಡಿದವರು ಮಾಸ್ತರು, ಉಳಿದವರೆಲ್ಲ ಬರೀ ಹೊಲಿಯುವವರು. ಹೊಲಿದದ್ದನ್ನು ಬಿಚ್ಚಬಹುದು, ಕತ್ತರಿಸಿದ್ದನ್ನು ಕೂಡಿಸಲಾಗದು. ಅದಕ್ಕೇ ಮಾಸ್ತರರಿಗೆ ಅಷ್ಟು ಗತ್ತು. ಮೂವತ್ತೊಂದು ವರ್ಷದಲ್ಲಿ ಅವರು ಆ ಕತ್ತರಿಯನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿ ಒಮ್ಮೆ, "ನಾನೂ ಕತ್ತರಿಸೋದು ಕಲೀಲಾ?" ಎಂದು ಕೇಳಿದ್ದಳು. ಮಾಸ್ತರರು ನಕ್ಕುಬಿಟ್ಟಿದ್ದರು. ಬೈದಿದ್ದರೆ ಅವಳು ಮರೆಯುತ್ತಿದ್ದಳೋ ಏನೋ.

ಈಗ ಅದೇ ಹೆಂಡತಿಯ ಕೈಗೆ ಕತ್ತರಿ ಕೊಡುವ ಕಾಲ ಬಂತು, ಬೇರೆ ದಾರಿಯೇ ಇರಲಿಲ್ಲ. ಒಪ್ಪಿಕೊಂಡ ಬಟ್ಟೆಗಳು ಕಪಾಟಿನ ತುಂಬ ಕೂತಿದ್ದವು. ಮಾಸ್ತರರು ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಕುರ್ಚಿಯಲ್ಲಿ ಕೂತು ಬಾಯಲ್ಲೇ ಕತ್ತರಿಸತೊಡಗಿದರು. "ಕಾಲಿಂಚು ಒಳಗೆ ಬಾ. ಸಾಕು ಸಾಕು. ಅಲ್ಲಿ ತಿರುಗು. ಉಸಿರು ಬಿಡಬೇಡ." ಹೆಂಡತಿ ಬಾಯಿಗೆ ಬೀಗ ಹಾಕಿಕೊಂಡು ಕತ್ತರಿಸಿದಳು. ಮೊದಲ ವಾರ ಹೀಗೇ ಕಳೆಯಿತು.

ಯೋಗ ಎಂದರೆ ಒಂದೇ ಎಂದು ಮಾಸ್ತರರು ನಂಬಿದ್ದರು. ಚಾಪೆ ಹಾಸಬೇಕು, ಕೂರಬೇಕು, ಕಾಲು ಮಡಚಬೇಕು, ಮುಗಿಯಿತು. ವಿಚಾರಿಸಿ ನೋಡಿದರೆ ಅಂಗಡಿಯಿಂದ ಅರ್ಧ ಗಂಟೆ ನಡೆಯುವಷ್ಟರಲ್ಲೇ ನಾಲ್ಕು ಕ್ಲಾಸುಗಳಿದ್ದವು, ನಾಲ್ಕೂ ಬೇರೆ ಬೇರೆ ಜಾತಿಯವು. ಎಲ್ಲ ಕಡೆಯೂ ಮೊದಲ ವಾರ ಸುಮ್ಮನೆ ಬಂದು ನೋಡಬಹುದಿತ್ತು. ಬಟ್ಟೆ ಕೊಳ್ಳುವವರು ಮುಟ್ಟಿ ನೋಡುವಂತೆ ಎಲ್ಲವನ್ನೂ ಮುಟ್ಟಿ ನೋಡಿಯೇ ಆರಿಸಿಕೊಳ್ಳುತ್ತೇನೆ ಎಂದು ಮಾಸ್ತರರು ಹೊರಟರು.

ಮೊದಲನೆಯದು ಬಿಸಿ ಕೋಣೆಯ ಯೋಗ. ಕಿಟಕಿಗಳನ್ನೆಲ್ಲ ಬಿಗಿದು, ಗೋಡೆಯಲ್ಲಿ ಹೀಟರ್ ಉರಿಸಿ, ನಲವತ್ತು ಡಿಗ್ರಿ ಸೆಕೆಯಲ್ಲಿ ಇಪ್ಪತ್ತು ಜನ ಮೈ ಹಿಂಡುತ್ತಿದ್ದರು. ಅಲ್ಲಿನ ಗುರು ಗಟ್ಟಿಮುಟ್ಟಾದ ಯುವಕ. "ಬಿಸಿ ತಾಗಿದ್ರೆ ಮೈ ಮೆತ್ತಗಾಗುತ್ತೆ, ಬೇಕಾದ ಹಾಗೆ ಎಳೀಬಹುದು" ಎಂದ. ಮಾಸ್ತರರಿಗೆ ತಡೆಯಲಾಗಲಿಲ್ಲ. "ನೋಡಪ್ಪಾ, ಒದ್ದೆ ಬಟ್ಟೆಗೆ ಬಿಸಿ ಕೊಟ್ಟು ಎಳೆದ್ರೆ ಅದು ಸೊಟ್ಟಗಾಗುತ್ತೆ, ಆಮೇಲೆ ಜನ್ಮದಲ್ಲಿ ನೆಟ್ಟಗಾಗಲ್ಲ" ಎಂದರು. ಯುವಕ ನಕ್ಕು ಮುಂದೆ ಹೋದ. ಎರಡನೆಯ ದಿನ ಮುಂದಿನ ಚಾಪೆಯ ಹೆಂಗಸಿಗೆ, "ಅಮ್ಮಾ, ಈ ಪ್ಯಾಂಟು ಕಚ್ಚಾ ಬಣ್ಣದ್ದು, ಬೆವರಿಗೆ ಬಿಡುತ್ತೆ" ಎಂದು ಹೇಳಿದರು. ಆಕೆ ಮುಖ ಸಿಂಡರಿಸಿದರು. ಮುಕ್ಕಾಲು ಗಂಟೆಯಲ್ಲಿ ಬಣ್ಣ ಬಿಟ್ಟೇಬಿಟ್ಟಿತು, ಆಕೆಯ ಎರಡು ಕಾಲೂ ನೇರಳೆಯಾದವು. ತಪ್ಪು ಬಟ್ಟೆಯದು, ಸಿಟ್ಟು ಬಂದದ್ದು ಮಾತ್ರ ಮಾಸ್ತರರ ಮೇಲೆ. ಮೂರನೆಯ ದಿನ ಅವರಿಗೇ ತಲೆ ತಿರುಗಿ, ಬಾಗಿಲ ಹೊರಗೆ ಚಪ್ಪಲಿಗಳ ನಡುವೆ ಕಾಲು ಗಂಟೆ ಮಲಗಿದ್ದು ಎದ್ದು ಮನೆಗೆ ಬಂದರು.

ಎರಡನೆಯದು ಓಡುವ ಯೋಗ. ಹೆಸರು ಬೇರೇನೋ ಇತ್ತು, ಮಾಸ್ತರರು ಇಟ್ಟ ಹೆಸರು ಇದು. ಉಸಿರು ಎಳೆದರೆ ಒಂದು ಭಂಗಿ, ಬಿಟ್ಟರೆ ಇನ್ನೊಂದು. ಮಾಸ್ತರರು ಬಲಗೈ ಎತ್ತುವಷ್ಟರಲ್ಲಿ ಕ್ಲಾಸಿನವರು ಕೈ ಎತ್ತಿ, ಇಳಿಸಿ, ಕಾಲು ಹಿಂದೆ ಹಾಕಿ, ಹೊಟ್ಟೆಯ ಮೇಲೆ ಮಲಗಿ, ಎದ್ದು, ಮತ್ತೆ ಕೈ ಎತ್ತಿರುತ್ತಿದ್ದರು. ಹಾಗಾಗಿ ಆಗಾಗ ಮಾಸ್ತರರದ್ದೂ ಸರಿಯಾಗಿ ಹೊಂದಿಬರುತ್ತಿತ್ತು. ಅವರ ಗಮನ ಉಸಿರಿನ ಮೇಲಿರಲಿಲ್ಲ, ಎಲ್ಲರ ಪ್ಯಾಂಟಿನ ಹಿಂಭಾಗದ ಹೊಲಿಗೆಯ ಮೇಲಿತ್ತು. ಯಾರದ್ದು ಯಾವ ಗಳಿಗೆಯಲ್ಲಿ ಬಿಚ್ಚಿಕೊಳ್ಳುತ್ತದೋ ಎಂದು ಅವರ ಜೀವ ಬಾಯಿಗೆ ಬರುತ್ತಿತ್ತು. ನಾಲ್ಕನೆಯ ದಿನ ಕಣ್ಣು ಬಿಟ್ಟು ನೋಡಿದರೆ ಇಡೀ ಕ್ಲಾಸು ಒಂದು ಕಡೆ ಮುಖ ಮಾಡಿ ನಿಂತಿದೆ, ಅವರೊಬ್ಬರು ಇನ್ನೊಂದು ಕಡೆ. ಪಕ್ಕದ ಚಾಪೆಯ ವಿಮೆ ಏಜೆಂಟನ ಮೂಗಿಗೆ ಅವರ ಮೂಗು ತಾಗುವಂತಿತ್ತು. ಆತ ಅದೇ ಭಂಗಿಯಲ್ಲಿ, "ನಿಮ್ಮದು ಪಾಲಿಸಿ ಇದ್ಯಾ ಸಾರ್?" ಎಂದು ಕೇಳಿದ. ಮಾಸ್ತರರು ಕಾಲಿಗೆ ಬುದ್ಧಿ ಹೇಳಿದರು.

ಮೂರನೆಯದು ಮಲಗುವ ಯೋಗ. ಇದು ಅವರಿಗೆ ಬಹಳ ಹಿಡಿಸಿತು. ಅಂಗಾತ ಮಲಗಿದರೆ ಸಾಕು, ಒಬ್ಬ ಹೆಂಗಸು ಮೆಲ್ಲಗೆ, "ನಿಮ್ಮ ಎಡಗಾಲಿನ ಹೆಬ್ಬೆರಳು ಹಗುರವಾಗ್ತಿದೆ" ಎನ್ನುತ್ತಿದ್ದರು. ಆ ಹೆಬ್ಬೆರಳಿನಿಂದ ಮುಂದಕ್ಕೆ ಏನು ಹಗುರವಾಯಿತೋ ಮಾಸ್ತರರಿಗೆ ತಿಳಿಯದು, ಅಷ್ಟರಲ್ಲಿ ನಿದ್ದೆ ಹತ್ತಿರುತ್ತಿತ್ತು. ಅವರ ಗೊರಕೆಗೆ ಉಳಿದವರ ಹೆಬ್ಬೆರಳು ಭಾರವಾಯಿತೆಂದು ದೂರು ಹೋಯಿತು. ಆಮೇಲೆ ಅವರ ಚಾಪೆಯನ್ನು ಮೂಲೆಯಲ್ಲಿ, ಪರದೆಯ ಹಿಂದೆ ಹಾಕಿಸಿದರು. ಒಂದು ವಾರವಾದ ಮೇಲೆ ಹೆಂಡತಿ, "ಮಲಗೋಕೆ ಅಷ್ಟು ದೂರ ಯಾಕೆ ಹೋಗ್ತೀರಾ? ಮನೇಲಿ ಹಾಸಿಗೆ ಇಲ್ವಾ? ಬೆನ್ನು ಬಗ್ಗತ್ತಾ, ಅದು ಹೇಳಿ" ಎಂದಳು. ಬೆನ್ನು ಬಗ್ಗುತ್ತಿರಲಿಲ್ಲ. ಮೂರು ತಿಂಗಳಲ್ಲಿ ಒಂದು ತಿಂಗಳು ಆಗಲೇ ಕೈಬಿಟ್ಟು ಹೋಗಿತ್ತು.

ನಾಲ್ಕನೆಯದು ಸಾಮಾನಿನ ಯೋಗ. ಒಂದು ಹಳೆಯ ಮಹಡಿಯ ಮೇಲಿನ ಉದ್ದ ಕೋಣೆ. ಗೋಡೆಗೆ ಹಗ್ಗ, ಗೂಟಕ್ಕೆ ಪಟ್ಟಿ, ಕಪಾಟಿನಲ್ಲಿ ಮಡಚಿದ ಕಂಬಳಿ, ಮೂಲೆಯಲ್ಲಿ ಮರದ ಮಣೆಗಳ ರಾಶಿ. ನಡೆಸುತ್ತಿದ್ದವರು ಆಸ್ಪತ್ರೆಯಿಂದ ನಿವೃತ್ತರಾದ ನರ್ಸಮ್ಮ, ಕನ್ನಡಕ ಮೂಗಿನ ತುದಿಯಲ್ಲಿ, ಮಾತು ಕಡಿಮೆ. ಅವರು ಬಂದವರನ್ನು ಮೊದಲು ಸುಮ್ಮನೆ ನಿಲ್ಲಿಸಿ ಸುತ್ತ ಒಂದು ಸಲ ನಡೆದು ನೋಡುತ್ತಿದ್ದರು. ಆಮೇಲೆ ಒಬ್ಬರ ಸೊಂಟದ ಕೆಳಗೆ ಅರ್ಧ ಮಡಚಿದ ಕಂಬಳಿ, ಇನ್ನೊಬ್ಬರ ಕೈ ಕೆಳಗೆ ಒಂದು ಮಣೆ ಇಡುತ್ತಿದ್ದರು. ಎಲ್ಲರಿಗೂ ಒಂದೇ ಅಳತೆ ಎಂಬ ಮಾತೇ ಇರಲಿಲ್ಲ. ಮಾಸ್ತರರ ಮುಂದೆ ನಿಂತು, "ಬಲ ಭುಜ ಮುಕ್ಕಾಲಿಂಚು ಕೆಳಗಿದೆ" ಎಂದರು. ಮಾಸ್ತರರಿಗೆ ಮೈ ಜುಮ್ಮೆಂದಿತು. ಆ ಮುಕ್ಕಾಲಿಂಚನ್ನು ಅವರು ಇಪ್ಪತ್ತು ವರ್ಷದಿಂದ ತಮ್ಮ ಅಂಗಿಯೊಳಗೆ ಒಂದು ತೆಳು ಪದರ ಹೊಲಿದು ಯಾರಿಗೂ ಕಾಣದಂತೆ ಮುಚ್ಚಿಟ್ಟಿದ್ದರು.

"ನೆಲ ಮುಟ್ಟೋಕೆ ಆಗಲ್ಲಮ್ಮಾ" ಎಂದರು ಮಾಸ್ತರರು.

"ನಿಮ್ಮ ಕೈ ನೆಲಕ್ಕೆ ಹೋಗದಿದ್ರೆ ನೆಲಾನ ನಿಮ್ಮ ಕೈಗೆ ತರೋಣ" ಎಂದು ಅವರು ಮಣೆಯ ಮೇಲೆ ಮಣೆ ಇಟ್ಟರು. ಮಾಸ್ತರರು ಆ ಕ್ಲಾಸಿನಲ್ಲೇ ಉಳಿದುಕೊಂಡರು. ದಿನಾ ಬೆಳಿಗ್ಗೆ ಹತ್ತರಿಂದ ಹನ್ನೆರಡು, ಒಂದು ದಿನವೂ ತಪ್ಪಿಸಲಿಲ್ಲ.

ಬೆನ್ನು ಎಷ್ಟು ಬಗ್ಗಿತು ಎಂದು ಪ್ರತಿ ಭಾನುವಾರ ಮನೆಯಲ್ಲಿ ಲೆಕ್ಕವಾಗುತ್ತಿತ್ತು. ಮಾಸ್ತರರು ಮುಂದಕ್ಕೆ ಬಗ್ಗಿ ನಿಲ್ಲುವುದು, ಹೆಂಡತಿ ನೆಲದಿಂದ ಬೆರಳ ತುದಿಯವರೆಗೆ ಟೇಪು ಹಿಡಿಯುವುದು. ಶುರುವಿನಲ್ಲಿ ಇಪ್ಪತ್ತನಾಲ್ಕು ಇಂಚು. ಆಮೇಲೆ ಇಪ್ಪತ್ತಮೂರು. ಇಪ್ಪತ್ತೆರಡು. ಇಪ್ಪತ್ತೂವರೆ ಬಂದ ದಿನ ಮಾಸ್ತರರು ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತರು. ಇನ್ನೊಂದಿಂಚು ಇಳಿದರೆ ಮೊಣಕಾಲು ದಾಟಿದಂತೆ, ಕತ್ತರಿ ಉಳಿದಂತೆ.

ಖುಷಿಯ ನಡುವೆ ಒಂದು ವಿಷಯ ಮಾತ್ರ ಅವರಿಗೆ ಒಳಗೊಳಗೇ ಚುಚ್ಚುತ್ತಿತ್ತು. ಅವರು ಕ್ಲಾಸಿಗೆ ಹೋದ ಎರಡು ಗಂಟೆಯಲ್ಲಿ ಹೆಂಡತಿ ಒಬ್ಬಳೇ ಕತ್ತರಿಸುತ್ತಿದ್ದಳು. ಬಂದು ನೋಡಿದರೆ ಮೂರು ನಾಲ್ಕು ಪ್ಯಾಂಟು, ಎರಡು ಅಂಗಿ ತುಂಡುತುಂಡಾಗಿ ಅಚ್ಚುಕಟ್ಟಾಗಿ ಮಡಚಿ ಇಟ್ಟಿರುತ್ತಿದ್ದವು. "ನೀವು ಹೇಳಿಕೊಟ್ಟ ಹಾಗೇ ಮಾಡಿದೀನಿ" ಎನ್ನುತ್ತಿದ್ದಳು. ಅವಳು ಅಂಗಡಿಯ ಹಿಂದಿದ್ದ ಅಡಿಗೆಮನೆಗೆ ಹೋದಾಗ ಮಾಸ್ತರರು ಕಳ್ಳನಂತೆ ಟೇಪು ಹಿಡಿದು ಒಂದೊಂದೇ ತುಂಡನ್ನು ಅಳೆಯುತ್ತಿದ್ದರು. ಒಂದಾದರೂ ತಪ್ಪು ಸಿಗಲಿ ಎಂದು ಮೈಯೆಲ್ಲ ಕಣ್ಣಾಗಿ ಹುಡುಕಿದರು. ಸಿಗಲಿಲ್ಲ. ಹದಿನೈದು ದಿನದಲ್ಲಿ ಒಂದು ಬಟ್ಟೆಯೂ ವಾಪಸು ಬರಲಿಲ್ಲ. ಸಾಲದ್ದಕ್ಕೆ ಬ್ಯಾಂಕಿನ ಮ್ಯಾನೇಜರು ಬಂದು, "ಈ ಸಲದ ಪ್ಯಾಂಟು ಭಾಳ ಚೆನ್ನಾಗಿ ಕೂತಿದೆ ಮಾಸ್ತರೇ" ಎಂದರು. ಮಾಸ್ತರರು "ಹೂಂ" ಎಂದರು. ಆ "ಹೂಂ" ಅನ್ನುವುದಕ್ಕೆ ಅವರು ಪಟ್ಟ ಕಷ್ಟ ಬಿಸಿ ಕೋಣೆಯಲ್ಲೂ ಪಟ್ಟಿರಲಿಲ್ಲ.

ಏಳನೆಯ ವಾರ ನರ್ಸಮ್ಮ ಎಲ್ಲರನ್ನೂ ಪರೀಕ್ಷಿಸಿದರು. ಅವರ ಹತ್ತಿರ ಟೇಪಿರಲಿಲ್ಲ. ಮಣೆಯ ಮೇಲೆ ಮಣೆ ಇಟ್ಟು, ಬೆರಳು ಎಷ್ಟನೆಯ ಮಣೆಗೆ ತಾಗುತ್ತದೆ ಎಂದು ನೋಡುವುದು ಅವರ ಕ್ರಮ. ಮಾಸ್ತರರು ಬಗ್ಗಿದರು. ನಾಲ್ಕು ಮಣೆ, ಐದು ಮಣೆ. ಬೆರಳು ಇನ್ನೂ ಗಾಳಿಯಲ್ಲೇ ಇತ್ತು. ಆರನೆಯದು ಇಟ್ಟಾಗ ತಾಗಿತು. ಒಂದೊಂದು ಮಣೆ ನಾಲ್ಕಿಂಚು ದಪ್ಪ. ಬಗ್ಗಿಯೇ ನಿಂತಿದ್ದ ಮಾಸ್ತರರು ಅಲ್ಲೇ ಗುಣಿಸಿದರು, ಆರ್ನಾಲ್ಕಲ ಇಪ್ಪತ್ತನಾಲ್ಕು. ಬೆನ್ನು ಒಂದು ನೂಲಿನಷ್ಟೂ ಬಗ್ಗಿರಲಿಲ್ಲ.

ಅವರಿಗೆ ವಿಷಯ ತಕ್ಷಣ ಅರ್ಥವಾಯಿತು. ಏಕೆಂದರೆ ಅದು ಅವರದೇ ಅಂಗಡಿಯ ಪದ್ಧತಿ. ಹಳೆಯ ಗಿರಾಕಿ ದಪ್ಪಗಾಗಿ ಬಂದರೆ ಮಾಸ್ತರರು ಸೊಂಟ ಸುತ್ತಿ ಟೇಪು ಹಿಡಿದು, ಮೂವತ್ತೆಂಟಿದ್ದದ್ದನ್ನು ಮೂವತ್ತಾರು ಎಂದು ಗಟ್ಟಿಯಾಗಿ ಓದುತ್ತಿದ್ದರು. ಹೆಂಡತಿ ಪುಸ್ತಕದಲ್ಲಿ ಮೂವತ್ತಾರು ಎಂದು ಬರೆದು ಪಕ್ಕದಲ್ಲಿ ಎರಡು ಚುಕ್ಕಿ ಇಡುತ್ತಿದ್ದಳು. ಕತ್ತರಿಸುವಾಗ ಆ ಚುಕ್ಕಿ ಕೂಡಿಸಿಕೊಳ್ಳುವುದು. ಗಿರಾಕಿ ತಾನು ಇದ್ದ ಹಾಗೇ ಇದ್ದೇನೆಂದು ಬೀಗುತ್ತಾ ಹೋಗುತ್ತಿದ್ದ. ಅವರ ಪುಸ್ತಕದ ಪ್ರಕಾರ ಮೂವತ್ತೊಂದು ವರ್ಷದಲ್ಲಿ ಆ ಬೀದಿಯಲ್ಲಿ ಯಾರೂ ದಪ್ಪಗಾಗಿರಲಿಲ್ಲ.

ಮನೆಗೆ ಬಂದವರೇ, "ನನಗೆ ಎಷ್ಟು ಚುಕ್ಕಿ ಇಟ್ಟೆ?" ಎಂದು ಕೇಳಿದರು.

ಹೆಂಡತಿ ಕತ್ತರಿ ನಿಲ್ಲಿಸಿದಳು. ಸುಳ್ಳು ಹೇಳಲು ಹೋಗಲಿಲ್ಲ. "ಮೂರೂವರೆ" ಎಂದಳು.

"ಬೆನ್ನು ನನ್ನದು. ಅದರ ಬಗ್ಗೆ ಸುಳ್ಳು ಹೇಳೋಕೆ ನೀನ್ಯಾರು?"

"ನಿಮ್ಮ ಹತ್ರಾನೇ ಕಲಿತಿದ್ದು."

"ನನಗೆ ಬೇಜಾರಾಗುತ್ತೆ ಅಂತ ಸುಳ್ಳು ಹೇಳಿದ್ಯಾ?"

ಹೌದು ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವಳು ಬಟ್ಟೆಯ ಅಂಚು ಸರಿ ಮಾಡುತ್ತಾ ನಿಂತಳು. ಆಮೇಲೆ, "ಅದೂ ಇದೆ. ಆದ್ರೆ ಪೂರ್ತಿ ಅದಲ್ಲ. ಬಗ್ತಾ ಇಲ್ಲ ಅಂತ ಗೊತ್ತಾದ್ರೆ ನೀವು ಕ್ಲಾಸು ಬಿಟ್ಟು ಬಂದು ಈ ಕುರ್ಚೀಲಿ ಕೂರ್ತೀರಾ. ಮತ್ತೆ ಕಾಲಿಂಚು ಒಳಗೆ, ಅರ್ಧ ಇಂಚು ಹೊರಗೆ ಶುರುವಾಗುತ್ತೆ. ನೀವು ಹೋಗೋ ಆ ಎರಡು ಗಂಟೆ ನನ್ನದು ಕಣ್ರೀ. ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಸಿಕ್ಕಿದೆ. ಅದನ್ನ ಕಳ್ಕೊಳ್ಳೋಕೆ ನನಗೆ ಮನಸ್ಸಿರಲಿಲ್ಲ" ಎಂದಳು.

ಮಾಸ್ತರರು ಅವತ್ತಿಡೀ ಮುಖ ಊದಿಸಿಕೊಂಡು ಕೂತರು. ಸಿಟ್ಟು ಬಂದಿತ್ತು, ಅವಮಾನವೂ ಆಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಹೆದರಿಕೆ. ಬೆನ್ನು ಬಗ್ಗುವುದಿಲ್ಲ, ಕತ್ತರಿ ಹೋಯಿತು, ಅದನ್ನು ಹಿಡಿಯುವವರು ಆಗಲೇ ಸಿದ್ಧವಾಗಿದ್ದಾರೆ, ಅದೂ ತನಗಿಂತ ಒಂದು ಕೈ ಮೇಲು. ಇನ್ನು ತಾನು ಯಾರು?

ಮರುದಿನ ಕ್ಲಾಸು ಬಿಡುತ್ತೇನೆಂದು ಹೇಳಲು ನರ್ಸಮ್ಮನ ಬಳಿ ಹೋದರು. ಅವರು ಕಂಬಳಿ ಮಡಚುತ್ತಲೇ ಕೇಳಿದರು, "ನೀವು ಯಾಕೆ ಬಗ್ಗಬೇಕು?"

"ಬಟ್ಟೆ ಕತ್ತರಿಸೋಕೆ."

"ಹೇಗೆ ಕತ್ತರಿಸ್ತೀರಾ, ತೋರಿಸಿ."

ಅಲ್ಲೊಂದು ಬರೆಯುವ ಮೇಜಿತ್ತು. ಮಾಸ್ತರರು ಅದರ ಮೇಲೆ ಬಾಗಿ ತೋರಿಸಿದರು. ನರ್ಸಮ್ಮ ಸುತ್ತ ಒಂದು ಸಲ ನಡೆದು ಬಂದು, "ನಿಮ್ಮ ಅಂಗಡಿ ಮೇಜು ಎಷ್ಟು ಎತ್ತರ?" ಎಂದರು.

ಮಾಸ್ತರರು ಬಾಯಿ ತೆರೆದರು. ಅಂಚೆಯವರ ತೋಳಿನ ಉದ್ದ ಅವರಿಗೆ ಬಾಯಿಪಾಠ, ಬ್ಯಾಂಕ್ ಮ್ಯಾನೇಜರ ಸೊಂಟ ಚುಕ್ಕಿ ಸಮೇತ ಗೊತ್ತು, ಬೀದಿಯಲ್ಲಿ ಎದುರು ಬಂದವರ ಕಾಲಿನ ಅಳತೆಯನ್ನು ಕಣ್ಣಲ್ಲೇ ಹೇಳಬಲ್ಲರು. ಮೂವತ್ತೊಂದು ವರ್ಷದಿಂದ ದಿನಾ ಬಗ್ಗಿದ ಮೇಜಿನ ಎತ್ತರ ಮಾತ್ರ ಅವರಿಗೆ ಗೊತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಮನೆಗೆ ಬಂದರು.

ಅಳೆದು ನೋಡಿದರೆ ಮೂವತ್ತೊಂದು ಇಂಚು. ಮೇಜು ಅವರ ದೊಡ್ಡಪ್ಪನದು, ಅಂಗಡಿಯ ಜೊತೆಗೇ ಬಂದದ್ದು. ದೊಡ್ಡಪ್ಪ ಕುಳ್ಳ, ಹೆಚ್ಚೆಂದರೆ ಐದಡಿ ಒಂದಿಂಚು. ಮಾಸ್ತರರ ಮೊಣಕೈಗೆ ಹೊಂದಬೇಕಾದರೆ ಇನ್ನೂ ಎಂಟಿಂಚು ಬೇಕಿತ್ತು. ಇಷ್ಟು ವರ್ಷ ಊರವರಿಗೆಲ್ಲ ಮೈಗೆ ತಕ್ಕಂತೆ ಕತ್ತರಿಸಿದವರು ತಾವು ಮಾತ್ರ ದೊಡ್ಡಪ್ಪನ ಅಳತೆಗೆ ಬಗ್ಗುತ್ತಾ ಬಂದಿದ್ದರು. ಇಂಗು ತಿಂದ ಮಂಗನಂತೆ ಮೇಜಿನ ಪಕ್ಕ ನೆಲದಲ್ಲೇ ಕೂತುಬಿಟ್ಟರು. ನೆಲದಿಂದ ಎದ್ದೇಳಲು ಹೆಂಡತಿ ಕೈ ಕೊಟ್ಟಳು.

ಹಿಂದಿನ ಬೀದಿಯ ಬಡಗಿ ಎಂಟಿಂಚಿನ ನಾಲ್ಕು ಮಣೆ ಮಾಡಿಕೊಟ್ಟ, ಮೇಜಿನ ಕಾಲು ಕೂರುವಂತೆ ಮೇಲೆ ಗುಳಿ ಕೊರೆದು. ಜೊತೆಗೆ ಒಂದು ಉದ್ದ ಹಲಗೆ. ಹಲಗೆಯನ್ನು ಒಂದು ಮರದ ದಿಮ್ಮಿಯ ಮೇಲೆ ಅಡ್ಡವಿಟ್ಟು, ಒಂದು ತುದಿಯನ್ನು ಮೇಜಿನ ಕೆಳಗೆ ತೂರಿಸಿ, ಇನ್ನೊಂದು ತುದಿಯ ಮೇಲೆ ಹೆಂಡತಿ ಕೂತರೆ ಮೇಜು ಏಳುತ್ತಿತ್ತು. ಮಾಸ್ತರರು ಬಗ್ಗದೆ, ಕಾಲಲ್ಲೇ ಮಣೆಯನ್ನು ಒಳಗೆ ತಳ್ಳಿದರು. ನಾಲ್ಕೂ ಕಾಲಿಗೆ ಮಣೆ ಕೂತಿತು. ಅವರು ನೆಟ್ಟಗೆ ನಿಂತು ಒಂದು ಪ್ಯಾಂಟು ಕತ್ತರಿಸಿದರು. ಬೆನ್ನು ಚಕಾರ ಎತ್ತಲಿಲ್ಲ. ಇನ್ನೊಂದು ಕತ್ತರಿಸಿದರು. ಅವರಿಗೆ ಅಳು ಬರುವಷ್ಟು ಸಂತೋಷವಾಯಿತು.

ಹೆಂಡತಿ ಮೇಜಿನ ಪಕ್ಕ ಬಂದು ನಿಂತಳು. ಅದರ ಅಂಚು ಅವಳ ಎದೆಯ ಮಟ್ಟಕ್ಕೆ ಬರುತ್ತಿತ್ತು. ಅವಳು ಅದನ್ನು ಒಮ್ಮೆ ಕೈಯಿಂದ ಸವರಿ, "ಸರಿಯಾಗಿದೆ, ನಿಮಗೆ" ಎಂದು ಹೇಳಿ ಹೋಗಿ ಕಾಜ ಹೊಲಿಯಲು ಕೂತಳು. ಅಂಗಡಿ ಹನ್ನೊಂದಡಿ ಅಗಲ, ಇನ್ನೊಂದು ಮೇಜು ಹಿಡಿಸುವಂತಿರಲಿಲ್ಲ. ಮಾಸ್ತರರು ಮಧ್ಯಾಹ್ನವೆಲ್ಲ ಕತ್ತರಿಸಿದರು. ಕತ್ತರಿ ಬಟ್ಟೆಯೊಳಗೆ ಹೋಗುವ ಸದ್ದು ಬಂದಾಗಲೆಲ್ಲ ಅವಳ ಸೂಜಿ ಒಂದು ಕ್ಷಣ ನಿಲ್ಲುತ್ತಿತ್ತು. ಮೊದಲು ಅವರು ಗಮನಿಸಲಿಲ್ಲ. ಗಮನಿಸಿದ ಮೇಲೆ ಬೇರೇನೂ ಕಾಣಲಿಲ್ಲ. ಬೇಕಾದದ್ದು ಸಿಕ್ಕಿದ ದಿನ ಹೀಗೇಕೆ ಬೇಜಾರಾಗುತ್ತಿದೆ ಎಂದು ತಮ್ಮ ಮೇಲೆಯೇ ರೇಗಿಕೊಂಡರು.

ಮರುದಿನ ಬೆಳಿಗ್ಗೆ ಅಂಗಡಿ ತೆರೆದವರೇ, "ಬಾ, ಹಲಗೆ ಮೇಲೆ ಕೂತ್ಕೊ" ಎಂದರು.

"ಯಾಕೆ, ಮೇಜು ಅಲುಗಾಡತ್ತಾ?"

"ಇಳಿಸೋಣ. ಮಧ್ಯಾಹ್ನ ಒಂದು ಗಂಟೆ ತನಕ ಕೆಳಗಿರಲಿ. ಊಟ ಆದ್ಮೇಲೆ ನನಗೆ ಏರಿಸಿದ್ರಾಯ್ತು."

ಅವಳು ಅವರನ್ನೇ ನೋಡಿದಳು. "ನಿಮ್ಮ ಕ್ಲಾಸು ಹನ್ನೆರಡಕ್ಕೇ ಮುಗಿಯುತ್ತಲ್ಲ?"

"ಆಮೇಲೆ ಇನ್ನೊಂದಿದೆ. ಆ ಮಲಗೋ ಕ್ಲಾಸಿಗೂ ಸೇರ್ಕೊಂಡಿದೀನಿ."

ಹೆಂಡತಿ ಹಲಗೆಯ ಮೇಲೆ ಕೂತಳು. ಬಾಯಿಗೆ ಸೆರಗು ಅಡ್ಡ ಹಿಡಿದಿದ್ದರಿಂದ ನಕ್ಕಳೋ ಅತ್ತಳೋ ಮಾಸ್ತರರಿಗೆ ತಿಳಿಯಲಿಲ್ಲ. ಅವರು ಕಾಲಲ್ಲೇ ಮಣೆಯನ್ನು ಹೊರಗೆ ಎಳೆದರು.

ಮೂರು ತಿಂಗಳು ತುಂಬಿದ ದಿನ ಡಾಕ್ಟರು, "ಬಗ್ಗೋಕೆ ಬಂತಾ?" ಎಂದು ಕೇಳಿದರು. "ಇಲ್ಲ ಡಾಕ್ಟ್ರೇ, ಬಗ್ಗೋ ಕೆಲಸ ಹೋಯ್ತು" ಎಂದು ಮಾಸ್ತರರು ಮೇಜಿನ ಕಥೆ ಹೇಳಿದರು. ಡಾಕ್ಟರು ಕಥೆ ಪೂರ್ತಿ ಕೇಳಿ, ಕತ್ತರಿ ಹಿಡಿಯಲು ಒಪ್ಪಿಗೆ ಕೊಟ್ಟು, ಯಾವ ಕ್ಲಾಸು ಒಳ್ಳೆಯದು ಎಂದು ತಮಗೂ ಒಂದು ವಿಳಾಸ ಬರೆಸಿಕೊಂಡರು.

ಅದಾದ ಎರಡು ವಾರಕ್ಕೆ ನರ್ಸಮ್ಮನಿಗೆ ನೆಗಡಿಯಾಗಿ ಸಾಮಾನಿನ ಕ್ಲಾಸಿಗೆ ರಜ ಬಂತು. ಮಾಸ್ತರರು ಮಲಗುವ ಕ್ಲಾಸಿನ ಹೊತ್ತಾಗುವವರೆಗೆ ಅಂಗಡಿಯ ಬಾಗಿಲ ಬಳಿಯ ಕುರ್ಚಿಯಲ್ಲಿ ಗುಂಡಿ ಹೊಲಿಯುತ್ತಾ ಕೂತರು. ಮೂರು ಗುಂಡಿ ಹೊಲಿದಿದ್ದರು, ಎರಡು ಸೊಟ್ಟಗಿದ್ದವು. ಒಳಗೆ ತಗ್ಗಿನ ಮೇಜಿನ ಮುಂದೆ ಹೆಂಡತಿ ನೆಟ್ಟಗೆ ನಿಂತು ಕೋಟಿನ ಬಟ್ಟೆಗೆ ಗೆರೆ ಎಳೆಯುತ್ತಿದ್ದಳು. ಏನಾದರೂ ಹೇಳಬೇಕೆಂದು ಅವರ ನಾಲಿಗೆ ತುರಿಸುತ್ತಿತ್ತು. ಹಲ್ಲು ಕಚ್ಚಿ ನಾಲ್ಕನೆಯ ಗುಂಡಿ ಕೈಗೆತ್ತಿಕೊಂಡರು.

ಹೊಸಬರೊಬ್ಬರು ಕಂಕುಳಲ್ಲಿ ಬಟ್ಟೆಯ ಪೊಟ್ಟಣ ಹಿಡಿದು ಮೆಟ್ಟಿಲು ಹತ್ತಿ ಬಂದರು. ಕುರ್ಚಿಯಲ್ಲಿದ್ದ ಉದ್ದನೆಯ ಮನುಷ್ಯನನ್ನೂ ಅವರ ಕೈಯಲ್ಲಿದ್ದ ಗುಂಡಿಯನ್ನೂ ನೋಡಿ, "ಮಾಸ್ತರು ಇದ್ದಾರಾ?" ಎಂದು ಕೇಳಿದರು.

ಒಳಗೆ ಸುಣ್ಣದ ಗೆರೆ ನಿಂತಿತು. ಮಾಸ್ತರರು ಗುಂಡಿ ಕೆಳಗಿಟ್ಟರು. ಮೂವತ್ತೊಂದು ವರ್ಷ "ನಾನೇ, ಹೇಳಿ" ಎನ್ನುತ್ತಲೇ ಬಂದ ಬಾಯಿ ಅದು.

"ಇದ್ದಾರೆ. ಒಳಗೆ ಕತ್ತರಿಸ್ತಾ ಇದ್ದಾರೆ" ಎಂದರು. "ಬನ್ನಿ, ಅಳತೆ ಕೊಡಿ."